ಸೀರೆ ಗಾರ್ಡ್ ಬಿಚ್ಚಿದ ಭಾನುವಾರ

ತುಳಸಿಮಣಿಯ ಸೀರೆ ಹರಿಯಿತು. ಎಲ್ಲವೂ ಶುರುವಾದದ್ದು ಅಲ್ಲಿಂದ.

ಮಂಗಳವಾರ ಬೆಳಿಗ್ಗೆ ಗಂಡನ ಮೋಟರ್ ಬೈಕಿನ ಹಿಂದೆ, ಎಂದಿನಂತೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ತರಕಾರಿ ಸಂತೆಗೆ ಹೋಗಿ ಬಂದಿದ್ದಳು. ಪೀಳಮೇಡಿನ ಮನೆ ಮುಂದೆ ಇಳಿಯುವಾಗ ಪರ್ ಎಂದು ಸದ್ದಾಯಿತು. ಸೀರೆಯ ಅಂಚು ಬೈಕಿನ ಸೀರೆ ಗಾರ್ಡಿಗೆ ಸಿಕ್ಕಿಕೊಂಡಿತ್ತು. ಸೀರೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಹಾಕಿದ ಕಂಬಿಯೇ ಸೀರೆ ಹರಿದರೆ ಯಾರನ್ನು ಕೇಳುವುದು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ತುಳಸಿಮಣಿ ಬಗ್ಗಿ ನೋಡಿದಳು. ಕಂಬಿ ಒಳಕ್ಕೆ ಬಾಗಿತ್ತು. ಬಣ್ಣ ಕಿತ್ತುಹೋಗಿ ಉದ್ದಕ್ಕೂ ಗೀರು ಬಿದ್ದಿತ್ತು.

"ಏನ್ರೀ ಇದು?"

"ಶೆಡ್ಡಿನ ಗೋಡೆಗೆ ತಾಗ್ತು," ಎಂದ ವೆಳ್ಳಿಂಗಿರಿ.

"ಶೆಡ್ಡಿನ ಗೋಡೆಗೆ ಹಸಿರು ಬಣ್ಣ ಇದೆ. ಇಲ್ಲಿ ಡಾಂಬರು ಮೆತ್ಕೊಂಡಿದೆಯಲ್ಲ? ನಿಮ್ ಕಂಪ್ನೀಲಿ ಗೋಡೆಗೂ ರೋಡ್ ಹಾಕ್ಸಿದಾರಾ?"

ವೆಳ್ಳಿಂಗಿರಿ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಲೇತ್ ಕೆಲಸದವನು. ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ತರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಹೆಂಡತಿಯ ಮುಂದೆ ಸುಳ್ಳು ಹೇಳಲು ಮಾತ್ರ ಹದಿನಾಲ್ಕು ವರ್ಷದಿಂದ ಕಲಿತಿಲ್ಲ. ಎರಡು ನಿಮಿಷದಲ್ಲಿ ಎಲ್ಲ ಹೊರಗೆ ಬಂತು. ಪ್ರತಿ ಭಾನುವಾರ ಬೆಳಗಿನ ಜಾವ ಮರುದಮಲೆಯ ಮುರುಗನ ದರ್ಶನಕ್ಕೆಂದು ಹೊರಡುತ್ತಿದ್ದವನು, ದಾರಿಯಲ್ಲಿ ಕಾರ್ಖಾನೆಯ ನಾಲ್ಕು ಹುಡುಗರ ಜೊತೆ ಬೈಪಾಸ್ ರಸ್ತೆಯಲ್ಲಿ ರೇಸು ಹೊಡೆಯುತ್ತಿದ್ದ. ಮೊನ್ನೆ ಒಂದು ನಾಯಿ ಅಡ್ಡ ಬಂತು. ಗಾಡಿ ಎಡಕ್ಕೆ ಮಲಗಿತು.

"ಮುರುಗನ ಹೆಸರು ಹೇಳ್ಕೊಂಡು!" ಎಂದು ತುಳಸಿಮಣಿ ಹಣೆ ಚಚ್ಚಿಕೊಂಡಳು. "ನಾಯಿ ಬದ್ಲು ಲಾರಿ ಬಂದಿದ್ರೆ?"

"ಐದೇ ನಿಮಿಷ ಕಣೇ ಅದು."

"ಸಾಯಕ್ಕೆ ಐದು ನಿಮಿಷ ಬೇಕಾ? ಈ ಗಾಡಿ ಮಾರಿಬಿಡಿ. ಇಲ್ಲಾಂದ್ರೆ ನಾನೇ ಮಾರ್ತೀನಿ."

ವೆಳ್ಳಿಂಗಿರಿ ಗಾಡಿಯ ಟ್ಯಾಂಕನ್ನು ಸವರುತ್ತ ನಿಂತ. ಆಮೇಲೆ ಅವನು ಆಡಿದ ಮಾತು ಅವಳ ಎದೆಗೆ ತಟ್ಟಿತು. "ವಾರವೆಲ್ಲ ಲೇತ್ ತಿರುಗ್ತಾ ಇರುತ್ತೆ, ನಾನು ನಿಂತೇ ಇರ್ತೀನಿ. ಒಂದು ದಿನ ನಾನೂ ತಿರುಗ್ಬೇಕು ಅನ್ಸುತ್ತೆ ತುಳಸಿ."

ಅವನ ಎಡಗೈ ಮಣಿಕಟ್ಟು ಸ್ವಲ್ಪ ಊದಿತ್ತು. ಅದನ್ನೂ ಅವಳು ನೋಡಿದಳು. "ಬರೀ ಉಳುಕು. ಎಸ್ತರಕ್ಕನ ಹತ್ರ ಬಾಯಿ ಬಿಡ್ಬೇಡ, ಎಕ್ಸ್‌ರೇ ಅಂತ ಎಳ್ಕೊಂಡು ಹೋಗ್ತಾಳೆ," ಎಂದು ಅವನು ಬೇಡಿಕೊಂಡ. ಅವಳು ಒಪ್ಪಿಕೊಂಡಳು. ಅದು ತಪ್ಪು ಎಂದು ಅವಳಿಗೆ ಆಗಲೇ ಗೊತ್ತಿತ್ತು.

ಸಂಜೆ ಎಸ್ತರ್ ದೋಸೆ ಹಿಟ್ಟಿಗೆ ಡಬ್ಬಿ ಹಿಡಿದು ಬಂದಳು. ಪಕ್ಕದ ಬೀದಿಯವಳು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಪ್ಪತ್ತೈದು ವರ್ಷದಿಂದ ನರ್ಸ್. ತುಳಸಿಮಣಿ ರುಬ್ಬುವ ಹಿಟ್ಟೂ ಎಸ್ತರ್ ಕೊಡುವ ಬುದ್ಧಿಮಾತೂ ಆ ಬೀದಿಯ ಮನೆಮನೆಗೂ ಹೋಗುತ್ತವೆ. ತುಳಸಿಮಣಿ ಹಿಟ್ಟು ಅಳೆಯುತ್ತ ಹರಿದ ಸೀರೆಯ ಕಥೆ ಹೇಳಿದಳು. ಕೈಯ ಮಾತೊಂದನ್ನು ಮಾತ್ರ ನುಂಗಿಕೊಂಡಳು.

"ಗಾಡಿ ಮಾರ್ಬೇಡ ಅಮ್ಮಿಣಿ," ಎಂದಳು ಎಸ್ತರ್. "ಮಾರಿದ್ರೆ ಇನ್ನೊಬ್ಬರ ಗಾಡೀಲಿ ಓಡ್ತಾನೆ. ಹುಚ್ಚು ಗಾಡೀಲಿಲ್ಲ, ಅವನ ತಲೇಲಿದೆ. ಟ್ರ್ಯಾಕಿಗೆ ಕಳ್ಸು."

"ಯಾವ ಟ್ರ್ಯಾಕು?"

"ಚೆಟ್ಟಿಪಾಳ್ಯದ ಕಡೆ ರೇಸ್ ಟ್ರ್ಯಾಕ್ ಇದೆಯಲ್ಲ. ಭಾನುವಾರ ಅಲ್ಲಿ ಆಂಬುಲೆನ್ಸ್ ಡ್ಯೂಟಿ ನಂದೇ. ಹೊಸಬ್ರಿಗೆ ಅಂತಲೇ ಒಂದು ದಿನ ಇಟ್ಟಿರ್ತಾರೆ."

"ಚೆನ್ನಾಗಿದೆ ಅಕ್ಕ! ಕುಡುಕನ್ನ ಬಿಡಿಸು ಅಂದ್ರೆ ಸಾರಾಯಿ ಅಂಗ್ಡಿ ವಿಳಾಸ ಕೊಡ್ತೀಯಲ್ಲ?"

ಎಸ್ತರ್ ನಕ್ಕಳು. "ಹಂಗಲ್ವೇ. ಈಜೋ ಹುಚ್ಚಿರೋನು ಪಾಳು ಬಾವಿಗೆ ಬೀಳೋ ಬದ್ಲು ಈಜುಕೊಳಕ್ಕೆ ಹೋಗ್ಲಿ ಅಂತಿದೀನಿ. ಅಲ್ಲಿ ಎಲ್ರೂ ಒಂದೇ ದಿಕ್ಕಿಗೆ ಓಡ್ತಾರೆ. ಲಾರಿ ಇಲ್ಲ, ನಾಯಿ ಇಲ್ಲ, ತಪ್ಪು ದಾರೀಲಿ ಬರೋ ಆಟೋ ಇಲ್ಲ. ತಿರುವು ತಿರುವಿಗೂ ಬಾವುಟ ಹಿಡಿದು ಒಬ್ರು ನಿಂತಿರ್ತಾರೆ. ಮೈಗೆ ದಪ್ಪ ಚರ್ಮದ ಅಂಗಿ, ಕೈಗೆ ಗ್ಲೌಸು, ಪಾದ ಮುಚ್ಚೋ ಬೂಟು, ಗಲ್ಲದವರೆಗೂ ಮುಚ್ಚೋ ಹೆಲ್ಮೆಟ್. ಇಲ್ದೋರಿಗೆ ಅಲ್ಲೇ ಬಾಡಿಗೆಗೆ ಸಿಗುತ್ತೆ."

"ಅದೆಲ್ಲ ದೊಡ್ಡೋರ ಮಕ್ಕಳ ಆಟ."

"ಹೋದ ಸಲ ಬೇಕರಿ ಮಾಸ್ಟರ್ ಒಬ್ರು ಬಂದಿದ್ರು. ಲೆಕ್ಕದ ಟೀಚರಮ್ಮ ಒಬ್ರು ಬಂದಿದ್ರು, ನನ್ನ ವಯಸ್ಸಿನೋರು. ಇರೋ ಗಾಡೀನೇ ಸಾಕು. ಬ್ರೇಕು, ಟೈರು, ಚೈನು ಸರಿ ಇರ್ಬೇಕು ಅಷ್ಟೇ. ಹೊಸ ಗಾಡಿ ತಗೊಂಡು ಹೋಗೋನು ದಡ್ಡ."

"ಬೀಳಲ್ವಾ ಅಲ್ಲಿ?"

ಎಸ್ತರ್ ಡಬ್ಬಿ ಕೆಳಗಿಟ್ಟಳು. "ಬೀಳ್ತಾರೆ. ನಿನ್ಹತ್ರ ಸುಳ್ಳು ಹೇಳಲ್ಲ. ಭುಜದ ಮೂಳೆ ಮುರ್ಕೊಂಡೋನನ್ನ ನಾನೇ ಎತ್ತಿದೀನಿ. ಆದ್ರೆ ಬೈಪಾಸಲ್ಲಿ ಬಿದ್ದೋರನ್ನೂ ನಾನೇ ನೋಡೋದು. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನಿಂಗೆ ಹೇಳಿದ್ರೆ ರಾತ್ರಿ ಊಟ ಸೇರಲ್ಲ. ಬಂದು ಕಣ್ಣಾರೆ ನೋಡು. ಮನಸ್ಸಿಗೆ ಬರ್ಲಿಲ್ಲಾಂದ್ರೆ ಗಾಡಿ ಮಾರೋಕೆ ನಾನೇ ಗಿರಾಕಿ ಹುಡುಕ್ತೀನಿ."

ಗಿರಾಕಿಯ ಮಾತಿಗೆ ತುಳಸಿಮಣಿ ಒಪ್ಪಿದಳು.

ಆ ಭಾನುವಾರ ಅಕ್ಕಿ ಬೇಳೆ ಅನ್ನ ಕಟ್ಟಿಕೊಂಡು ಗಂಡ ಹೆಂಡತಿ ಟ್ರ್ಯಾಕಿಗೆ ಹೋದರು. ವೆಳ್ಳಿಂಗಿರಿ ಮದುವೆ ಗಂಡಿನ ಹಾಗೆ ಕುಣಿಯುತ್ತಿದ್ದ. ಮೊದಲು ತರಗತಿ ನಡೆಯಿತು. ಬಿಳಿ ಗಡ್ಡದ ಬಷೀರ್ ಮಾಸ್ಟರ್ ಒಂದು ಕಾಲದಲ್ಲಿ ತಾವೂ ರೇಸು ಓಡಿಸಿದವರು. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ದಾಟಬೇಡಿ ಎಂದರು. ಕೆಂಪು ಕಂಡರೆ ಓಟ ನಿಂತಿತು, ಮೆಲ್ಲಗೆ ಒಳಗೆ ಬನ್ನಿ ಎಂದರು. ಹೊಸಬರ ಗುಂಪೇ ಬೇರೆ, ಮೊದಲ ಸುತ್ತುಗಳಲ್ಲಿ ಮುಂದೆ ತಾವೇ ಇರುವುದಾಗಿ ಹೇಳಿದರು. ಆಮೇಲೆ ಗಾಡಿಗಳ ತಪಾಸಣೆಗೆ ನಿಂತರು.

"ಕನ್ನಡಿ ಬಿಚ್ಚಿ ತಮ್ಮಾ."

ತುಳಸಿಮಣಿ ಸುಮ್ಮನಿರಲಿಲ್ಲ. "ಕನ್ನಡಿ ಇಲ್ದೆ ಹಿಂದೆ ಬರೋರು ಹೆಂಗೆ ಕಾಣ್ತಾರೆ ಮಾಸ್ಟ್ರೇ?"

"ಇಲ್ಲಿ ಹಿಂದೆ ನೋಡೋ ಹಂಗಿಲ್ಲ ತಂಗಿ. ಮುಂದಿರೋನು ತನ್ನ ದಾರಿ ಬಿಡ್ಬಾರ್ದು. ದಾಟೋನೇ ನೋಡ್ಕೊಂಡು ದಾಟ್ಬೇಕು," ಎಂದು ಮಾಸ್ಟರ್ ದೀಪದ ಮೇಲೆ ತಟ್ಟಿದರು. "ಇದಕ್ಕೆ ಟೇಪ್ ಅಂಟಿಸಿ. ಬಿದ್ರೆ ಗಾಜಿನ ಚೂರು ದಾರಿ ಮೇಲೆ ಚೆಲ್ಬಾರ್ದು. ಈ ನಿಂಬೆಹಣ್ಣು ಮೆಣಸಿನಕಾಯಿ ತೆಗೀರಿ, ನೇತಾಡೋದು ಏನೂ ಇರ್ಬಾರ್ದು. ಸೀರೆ ಗಾರ್ಡೂ ಬಿಚ್ಚಿ."

ನಿಂಬೆಹಣ್ಣು ಹೋದದ್ದಕ್ಕೆ ತುಳಸಿಮಣಿಗೆ ಅಳುಕಾಯಿತು. ಸೀರೆ ಗಾರ್ಡ್ ಎಂದಾಗ ಮಾತ್ರ ನೋವೇ ಆಯಿತು. ಹದಿನಾಲ್ಕು ವರ್ಷದಿಂದ ಗಾಡಿಯಲ್ಲಿ ಅವಳದೆಂದು ಇದ್ದದ್ದು ಅದೊಂದೇ. ಗಂಡ ಸ್ಪ್ಯಾನರ್ ಹಿಡಿದು ಕೂತ. ಎಡಗೈಯಲ್ಲಿ ಬೋಲ್ಟ್ ಹಿಡಿಯಲು ಹೋದವನ ಮುಖ ಹಿಂಡಿದ ಹಾಗಾಯಿತು. ಸ್ಪ್ಯಾನರ್ ಜಾರಿ ಟಣ್ ಎಂದು ನೆಲಕ್ಕೆ ಬಿತ್ತು.

"ಮೊದ್ಲು ಫಾರ್ಮ್ ತುಂಬಿ ಬನ್ನಿ, ಆಮೇಲೆ ಬಿಚ್ಚಿದ್ರಾಯ್ತು," ಎಂದರು ಮಾಸ್ಟರ್.

ಫಾರ್ಮಿನ ಮೇಜಿನ ಹಿಂದೆ ಎಸ್ತರ್ ಇದ್ದಳು. ಅಲ್ಲಿ ಅವಳು ಹಿಟ್ಟಿಗೆ ಬರುವ ಅಕ್ಕನಲ್ಲ. ರಕ್ತದ ಗುಂಪು ಕೇಳಿದಳು, ಸಕ್ಕರೆ ಕಾಯಿಲೆ ಕೇಳಿದಳು, ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು ಎಂದೂ ಕೇಳಿದಳು. "ಮೂರು ತಿಂಗಳ ಒಳಗೆ ಏಟು, ಉಳುಕು, ಮುರಿತ?"

"ಏನಿಲ್ಲ."

"ಹೋದ ವಾರ ಬಿದ್ಯಲ್ಲ?"

"ಗಾಡಿ ಬಿತ್ತಕ್ಕ. ನಾನೆಲ್ಲಿ ಬಿದ್ದೆ?"

ಎಸ್ತರ್ ಬರೆಯಲಿಲ್ಲ. ತಲೆಯೆತ್ತಿ ತುಳಸಿಮಣಿಯನ್ನು ನೋಡಿದಳು. ವೆಳ್ಳಿಂಗಿರಿಯೂ ನೋಡಿದ. ಅವನ ಕಣ್ಣಿನಲ್ಲಿ ಬೇಡಿಕೆಯಿತ್ತು. ವರ್ಷಗಟ್ಟಲೆ ಆಸೆಪಟ್ಟ ಜಾಗಕ್ಕೆ ಬಂದು ನಿಂತವನು. ಅವಳು ಒಂದು ಮಾತು ಆಡಿದರೆ ಆ ಮುಖ ಬಾಡುತ್ತದೆ. ಆಡದಿದ್ದರೆ? ತುಳಸಿಮಣಿ ಗಂಡನ ತೋಳು ಹಿಡಿದು ಮೇಜಿನ ಮೇಲಿಟ್ಟಳು.

"ಎಡಗೈ ನೋಡಕ್ಕ," ಎಂದಳು. "ಬಿದ್ದಾಗಿಂದ ಸ್ನಾನದ ಚೊಂಬೂ ಎತ್ತಕ್ಕಾಗ್ತಿಲ್ಲ."

ಟ್ರ್ಯಾಕಿನ ಡಾಕ್ಟರು ಬಂದು ಮಣಿಕಟ್ಟು ಒತ್ತಿ, ತಮ್ಮ ಬೆರಳು ಹಿಂಡಲು ಹೇಳಿದರು. ಹಿಂಡಲು ಆಗಲಿಲ್ಲ. "ಕ್ಲಚ್ ಹಿಡಿಯೋ ಕೈ. ಇವತ್ತು ಓಡ್ಸೋ ಹಂಗಿಲ್ಲ. ಎಕ್ಸ್‌ರೇ ಮಾಡ್ಸಿ. ಕಟ್ಟಿದ ಶುಲ್ಕ ಮುಂದಿನ ಸಲಕ್ಕೆ ಹಾಗೇ ಇರುತ್ತೆ," ಎಂದು ಸಹಿ ಹಾಕಿಯೇ ಬಿಟ್ಟರು.

ವೆಳ್ಳಿಂಗಿರಿ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತ. ಅನ್ನದ ಡಬ್ಬಿ ಮುಟ್ಟಲಿಲ್ಲ. ಕೊನೆಗೆ ಸಿಡುಕಿದ. "ದೊಡ್ಡ ಟ್ರ್ಯಾಕಂತೆ! ಬೈಪಾಸಲ್ಲಿ ಯಾರೂ ಫಾರ್ಮ್ ಕೇಳಲ್ಲ."

"ಹೌದು," ಎಂದಳು ತುಳಸಿಮಣಿ. "ಅಲ್ಲಿ ಯಾರೂ ಏನೂ ಕೇಳಲ್ಲ. ಬಿದ್ದು ಬಿದ್ದಲ್ಲೇ ಮಲಗಿದ್ರೂ ಕೇಳಲ್ಲ. ಇಲ್ಲಿ ನೋಡಿ, ನಿಮಗೆ ನಿದ್ದೆ ಆಯ್ತಾ ಅಂತ ಕೇಳಿದ್ರು. ನಾನೇ ಯಾವತ್ತೂ ಅದನ್ನ ಕೇಳಿದ್ದಿಲ್ಲ."

ಅವನು ಡಬ್ಬಿಯ ಮುಚ್ಚಳ ತೆಗೆದ.

ಊಟ ಮಾಡುತ್ತಿದ್ದ ಹಾಗೆಯೇ ಎದುರಿನ ತಿರುವಿನಲ್ಲಿ ಒಂದು ಗಾಡಿ ಜಾರಿತು. ಸವಾರ ಅಂಗಾತ ಜಾರುತ್ತ ಮರಳಿನ ತನಕ ಹೋದ. ತುಳಸಿಮಣಿ ಕಿರುಚಿದಳು. ಅವಳ ಕೂಗು ನಿಲ್ಲುವ ಮೊದಲೇ ಹಳದಿ ಬಾವುಟ ಎದ್ದಿತ್ತು, ಹಿಂದೆ ಬರುತ್ತಿದ್ದವರೆಲ್ಲ ನಿಧಾನಿಸಿದ್ದರು, ಇಬ್ಬರು ಓಡುತ್ತಿದ್ದರು. ಸವಾರ ಎದ್ದು ಮರಳು ಕೊಡವಿಕೊಂಡು ಕೈ ಬೀಸಿದ. ಹೆಲ್ಮೆಟ್ ತೆಗೆದ ಮೇಲೆ ಗೊತ್ತಾಯಿತು, ಬೆಳಗಿನ ತರಗತಿಯಲ್ಲಿ ಮುಂದೆ ಕೂತಿದ್ದ ಲೆಕ್ಕದ ಟೀಚರಮ್ಮ. ಎಸ್ತರ್ ಬಿಡಲಿಲ್ಲ. ಅವರನ್ನು ಆಂಬುಲೆನ್ಸಿಗೆ ಹತ್ತಿಸಿ ತಲೆಯಿಂದ ಕಾಲಿನವರೆಗೆ ನೋಡಿ, ಆ ದಿನ ಮತ್ತೆ ಗಾಡಿ ಮುಟ್ಟಕೂಡದು ಎಂದು ಕಳಿಸಿದಳು.

"ಟೀಚರಮ್ಮನಿಗೂ ರಜೆ ಕೊಟ್ಬಿಟ್ರು," ಎಂದ ವೆಳ್ಳಿಂಗಿರಿ. ಅವನ ಮುಖದಲ್ಲಿ ಆ ದಿನದ ಮೊದಲ ನಗು ಬಂತು.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಕೂದಲೆಳೆಯ ಬೆಲೆ ಲೇತ್ ಕೆಲಸದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ವಾರ ಪಟ್ಟಿ ಹಾಕಿಸಿಕೊಂಡು, ಹಿಟ್ಟು ಮಾರುವ ಹೆಂಡತಿಗೆ ಒಂದೇ ಕೈಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತ, ಬೈಯಿಸಿಕೊಳ್ಳುತ್ತ ಕಳೆದ. ಬೈಪಾಸಿನ ಹುಡುಗರು ಎರಡು ಸಲ ಬಂದು ಕರೆದರು. "ಅಲ್ಲಿ ಫಾರ್ಮ್ ಕೊಡ್ತಾರಾ?" ಎಂದು ಇವನು ಕೇಳಿದ. ಹುಡುಗರಿಗೆ ಅರ್ಥವಾಗಲಿಲ್ಲ.

ಕೈ ವಾಸಿಯಾಗಿ, ಡಾಕ್ಟರು ಒಪ್ಪಿದ ಮೇಲೆ ಮತ್ತೆ ಹೊಸಬರ ದಿನ ಬಂತು. ಈ ಸಲ ಫಾರ್ಮಿನಲ್ಲಿ ಹಳೆಯ ಬಿರುಕನ್ನು ಅವನೇ ಬರೆದ. ತಪಾಸಣೆಯ ಜಾಗದಲ್ಲಿ ಸ್ಪ್ಯಾನರಿಗೆ ಕೈ ಚಾಚಿದಾಗ ಅದು ಅಲ್ಲಿರಲಿಲ್ಲ. ತುಳಸಿಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಎಡಕ್ಕೆ ಕೂತು, ಸೀರೆ ಗಾರ್ಡಿನ ಬೋಲ್ಟ್ ಬಿಚ್ಚುತ್ತಿದ್ದಳು.

"ನಾನು ಬಿಚ್ತೀನಿ ಕೊಡೇ."

"ನನ್ನ ಜಾಗ. ನಾನೇ ಬಿಚ್ಚಿ ಕೊಡ್ತೀನಿ, ಸಂಜೆ ನಾನೇ ಹಾಕ್ತೀನಿ. ನೀವು ಹೆಲ್ಮೆಟ್ ಪಟ್ಟಿ ಬಿಗೀರಿ," ಎಂದಳು. ಬಿಗಿದ ಮೇಲೆ ತಾನೂ ಒಮ್ಮೆ ಎಳೆದು ನೋಡಿದಳು. ಬಷೀರ್ ಮಾಸ್ಟರ್ ಗಡ್ಡದಲ್ಲೇ ನಕ್ಕರು.

ವೆಳ್ಳಿಂಗಿರಿ ಓಡಿಸಿದ. ಬಾಡಿಗೆಯ ಚರ್ಮದ ಅಂಗಿ ಹೊಟ್ಟೆಯ ಹತ್ತಿರ ಬಿಗಿ, ಭುಜದ ಹತ್ತಿರ ಸಡಿಲ. ಮೊದಲು ಮಾಸ್ಟರ ಹಿಂದೆ ಮೆಲ್ಲಗೆ, ಆಮೇಲೆ ತನ್ನ ಪಾಡಿಗೆ. ಇದು ಪಾಠ, ಸ್ಪರ್ಧೆಯಲ್ಲ, ಎಣಿಸಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ತುಳಸಿಮಣಿ ಎಣಿಸಿದಳು. ಹದಿನೈದು ಜನರಲ್ಲಿ ಅವಳ ಗಂಡ ಹದಿನಾಲ್ಕನೆಯವನು.

ಬೆವರಿನಲ್ಲಿ ತೊಯ್ದು ಬಂದವನು ಹೆಲ್ಮೆಟ್ ತೆಗೆದ. ಕಣ್ಣಿನಲ್ಲಿ ನೀರಿತ್ತು. "ತಿರುಗ್ದೆ ತುಳಸಿ," ಎಂದ.

"ನೋಡ್ದೆ. ಹದಿನೈದನೇಯೋರು ಯಾರು?"

"ಬೇಕರಿ ಮಾಸ್ಟರ್."

"ಪಾಪ, ಅವರಿಗೊಂದು ಡಬ್ಬಿ ಅನ್ನ ಕೊಡಿ."

ಆಮೇಲೆ ವೆಳ್ಳಿಂಗಿರಿ ಮೂರು ಸಲ ಹೋಗಿ ಬಂದಿದ್ದಾನೆ. ಬಷೀರ್ ಮಾಸ್ಟರ ರೇಸ್ ಶಾಲೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆ, ಡಾಕ್ಟರ ಪತ್ರ ಜೊತೆಗಿಟ್ಟು, ಹವ್ಯಾಸಿಗಳ ರೇಸಿನ ಪರವಾನಗಿಗೆ ಅರ್ಜಿ ಹಾಕುತ್ತಾನಂತೆ. ಬೈಪಾಸಿನ ನಾಲ್ಕು ಹುಡುಗರಲ್ಲಿ ಇಬ್ಬರು ಹೊಸಬರ ದಿನಕ್ಕೆ ಹೆಸರು ಕೊಟ್ಟಿದ್ದಾರೆ. ಇನ್ನಿಬ್ಬರು ಯೋಚಿಸುತ್ತಿದ್ದಾರೆ. ಅವರ ತಾಯಂದಿರಿಗೆ ತುಳಸಿಮಣಿ ಹಿಟ್ಟಿನ ಜೊತೆ ಈ ಕಥೆಯನ್ನೂ ಅಳೆದು ಕೊಟ್ಟಿದ್ದಾಳೆ.

ಓಟ ಮುಗಿದ ಸಂಜೆಯೇ ಗಾಡಿಗೆ ಮತ್ತೆ ಕನ್ನಡಿ ಬರುತ್ತದೆ, ನಿಂಬೆಹಣ್ಣು ಬರುತ್ತದೆ, ನೆಟ್ಟಗೆ ಮಾಡಿಸಿದ ಸೀರೆ ಗಾರ್ಡ್ ಬರುತ್ತದೆ. ತುಳಸಿಮಣಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಾಳೆ. ಸಂತೆಯ ದಾರಿಯಲ್ಲಿ ಸೈಕಲ್ಲಿನವರೂ ದಾಟಿ ಹೋಗುತ್ತಾರೆ. "ಸ್ವಲ್ಪ ಬೇಗ ಹೋಗ್ರೀ, ಸೊಪ್ಪು ಬಾಡುತ್ತೆ," ಎಂದು ಈಗ ಅವಳೇ ಗೊಣಗುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ವೇಗದ ಆಸೆ ತಪ್ಪಲ್ಲ. ಅದಕ್ಕೊಂದು ಜಾಗವಿದೆ, ಕಲಿಸುವವರಿದ್ದಾರೆ, ಬಿದ್ದರೆ ಓಡಿ ಬರುವವರಿದ್ದಾರೆ. ಇರುವ ಗಾಡಿಯಲ್ಲೇ ಶುರು ಮಾಡಿ, ಹೊಸಬರ ಗುಂಪಿನಲ್ಲೇ ಶುರು ಮಾಡಿ, ಫಾರ್ಮಿನಲ್ಲಿ ನಿಜವನ್ನೇ ಬರೆಯಿರಿ. ಯಾರೂ ಏನೂ ಕೇಳದ ರಸ್ತೆಯಲ್ಲಿ ಮಾತ್ರ ಓಡಬೇಡಿ. ಮನೆಯವರೇ, ಇವತ್ತು ಸಂಜೆ ನಿಮ್ಮ ಗಾಡಿಯ ಸೀರೆ ಗಾರ್ಡಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ಗೀರು ಸಿಕ್ಕರೆ ಬೈಯಬೇಡಿ, ಗಾಡಿ ಮಾರಬೇಡಿ. ಪಕ್ಕದಲ್ಲಿ ಕೂತು, ಎಲ್ಲಿ ಬಿದ್ದೆ ಎಂದು ಕೇಳಿ.