ಇಂಟರ್ವಲ್ ಡಾಕ್ಟರ್

ಪರದೆಯ ಹಿಂದಿನ ಕೋಣೆಯಲ್ಲಿ ಇಲಿಗಳು ಸತ್ತು ಗಬ್ಬು ನಾರುತ್ತಿದ್ದವು. ತೆಗೆಸಿ ಎಂದರೆ ಯಜಮಾನ ಫಿನೈಲ್ ಚೆಲ್ಲಿಸಿದ. ಆ ಮನುಷ್ಯನ ಯೋಗ್ಯತೆಯೇ ಅಷ್ಟು.

ನಾನು ಆ ಟಾಕೀಸಿನಲ್ಲಿ ಟಿಕೆಟ್ ಕೊಡುವವಳು. ಓಡುತ್ತಿದ್ದದ್ದು ಹಳೇ ಸಿನಿಮಾ. ಹಡಗಿನಿಂದ ಇಳಿದ ಕಳ್ಳನೊಬ್ಬ ಊರಿಗೆಲ್ಲ ಮಾರಿರೋಗ ಹಂಚುತ್ತ ತಿರುಗುತ್ತಾನೆ, ಡಾಕ್ಟರೊಬ್ಬ ಬೆಳಗಾಗುವುದರೊಳಗೆ ಅವನನ್ನು ಹಿಡಿಯಬೇಕು. ಹಳಸಲು ಸಿನಿಮಾಗೆ ಜನ ಬರಲೆಂದು ಯಜಮಾನ ಒಂದು ಉಪಾಯ ಹೂಡಿದ್ದ. ಇಂಟರ್ವಲ್ ಆದ ಕೂಡಲೇ ಬಿಳಿ ಕೋಟಿನವನೊಬ್ಬ ಪರದೆಯ ಮುಂದೆ ಓಡಿಬಂದು, "ಯಾರೂ ಹೊರಗೆ ಹೋಗ್ಬೇಡಿ! ರೋಗಿ ನಿಮ್ಮ ಮಧ್ಯದಲ್ಲೇ ಇದಾನೆ!" ಎಂದು ಕೂಗಿ, ಕೆಮ್ಮಿ, ಬೀಳಬೇಕು. ಆ ಬಿಳಿ ಕೋಟಿನವನು ನನ್ನ ತಮ್ಮ. ಇಲಿ ಸತ್ತ ಆ ಕೋಣೆಯಲ್ಲೇ ಅವನ ಮೇಕಪ್ಪು.

ಅವತ್ತು ತಮ್ಮನ ಮೈ ಕೆಂಡದಂತೆ ಸುಡುತ್ತಿತ್ತು. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ಜ್ವರಾನಾ? ಒಳ್ಳೇದೇ ಆಯ್ತು ಬಿಡಮ್ಮ, ಮೇಕಪ್ಪೇ ಬೇಕಾಗಲ್ಲ," ಎಂದು ಯಜಮಾನ ಹಲ್ಲು ಕಿರಿದ. "ಮ್ಯಾಟಿನಿ ಮುಗಿಸಿ ಹೋಗ್ಲಿ. ಹೌಸ್‌ಫುಲ್ ಇದೆ."

"ಒಂದ್ ಗಳಿಗೆ ಕೆಲ್ಸ ಅಕ್ಕ, ಸುಮ್ನಿರು," ಎಂದ ತಮ್ಮ.

ಇಂಟರ್ವಲ್ಲಿನಲ್ಲಿ ಅವನು ಓಡಿಬರಲಿಲ್ಲ, ಗೋಡೆ ಹಿಡಿದುಕೊಂಡು ಬಂದ. "ಅಕ್ಕಾ, ಉಸಿರಾಡೋಕಾಗ್ತಿಲ್ಲ," ಎಂದು ಕುಸಿದ. ಹಾಲ್ ತುಂಬ ಚಪ್ಪಾಳೆ. ಯಾವನೋ "ಒನ್ಸ್ ಮೋರ್!" ಎಂದ.

ನಾನು ಬಿದ್ದಂಬೀಳ ಓಡಿದೆ. "ಇದು ಆಟ ಅಲ್ಲ ಕಣ್ರೋ! ಯಾರಾದ್ರೂ ಕೈ ಹಾಕಿ!" ಎಂದು ಅರಚಿಕೊಂಡರೆ ಶಿಳ್ಳೆ ಜೋರಾಯಿತು. ಮುಂದಿನ ಸಾಲಿನವನು ಕಡಲೆಕಾಯಿ ಅಗಿಯುತ್ತ, "ಅಕ್ಕನ ಪಾರ್ಟು ಹೊಸದು, ಸಖತ್ತಾಗಿದೆ," ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ಅಷ್ಟರಲ್ಲಿ ದೀಪ ಆರಿ ಸಿನಿಮಾ ಶುರುವಾಯಿತು. ತಮ್ಮನ ಕಂಕುಳಿಗೆ ಕೈಕೊಟ್ಟು ಕತ್ತಲಲ್ಲೇ ಬಾಗಿಲಿನವರೆಗೆ ಎಳೆದುಕೊಂಡು ಹೋದೆ. "ಬಗ್ಗಮ್ಮ, ಕಾಣಲ್ಲ," ಎಂದು ಹಿಂದಿನಿಂದ ಒಬ್ಬ ಗದರಿದ. ಪರದೆಯ ಡಾಕ್ಟರ್ ಜೀವ ಉಳಿಸಲು ಓಡುತ್ತಿದ್ದ, ಅವನಿಗಾಗಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಥೂ.

ಇನ್ನೂ ಸ್ವಲ್ಪ ಮುಂಚೆ ತರಬೇಕಿತ್ತು ಎಂದರು ಆಸ್ಪತ್ರೆಯಲ್ಲಿ. ಹೊತ್ತು ಮುಳುಗುವ ಮುಂಚೆ ತಮ್ಮ ಹೋದ.

ಯಜಮಾನ ಬಂದ. ಮೂಗಿಗೆ ಕರ್ಚೀಫು ಒತ್ತಿಕೊಂಡು ವರಾಂಡದ ಆ ತುದಿಯಲ್ಲೇ ನಿಂತ. ಎಷ್ಟಾದರೂ ಮನುಷ್ಯ, ಸಮಾಧಾನ ಹೇಳಲು ಬಂದಿರಬೇಕು ಎಂದುಕೊಂಡು ಎದ್ದು ಹೋದೆ.

"ಆಗಿದ್ದು ಆಗೋಯ್ತಮ್ಮ," ಎಂದ. "ಜನ ನಿನ್ನನ್ನೇ ಕೇಳ್ತಿದಾರೆ. ನಾಳೆಯಿಂದ ಹಾಗೇ ಅರಚ್ಕೊಂಡು ಓಡಿಬರೋಕಾಗುತ್ತಾ?"