ತೊಳೆದ ಸಿಪ್ಪೆ

ಬೇಕರಿಯವಳಿಗೆ ಎರಡೂ ಕಡೆಯಿಂದ ತಲೆ ಕೆಟ್ಟುಹೋಗಿತ್ತು. ಕೆಳಗೆ ಅಂಗಡಿಯಲ್ಲಿ ಗಂಡ, ಮೇಲೆ ತಾರಸಿಯಲ್ಲಿ ಅಡುಗೆಮನೆ ಕಸ ಕೊಳೆಸುವ ಗೊಬ್ಬರದ ಡ್ರಮ್ಮು.

ಪ್ಲಾಸ್ಟಿಕ್ ಬೇಡವೇ ಬೇಡವೆಂದು ಹಟ ಹಿಡಿದು ಅವಳು ಕಾಗದದ ಚೀಲ ತರಿಸಿದ್ದಳು. ಗಂಡನೋ, ಬ್ರೆಡ್ಡನ್ನು ಕಾಗದದ ಚೀಲಕ್ಕೆ ಹಾಕಿ, ಆ ಚೀಲವನ್ನು ಪ್ಲಾಸ್ಟಿಕ್ ಕವರಿಗೆ ಇಳಿಸಿ ಗಿರಾಕಿಗೆ ಕೊಡುತ್ತಿದ್ದ.

“ಇದೇನ್ರೀ ಇದು?”

“ಕಾಗದ ಅಲ್ವೇನೇ, ಕೈ ಬೆವರಿಗೆ ಹಾಳಾಗುತ್ತೆ. ಅಷ್ಟು ಚೆನ್ನಾಗಿರೋ ಚೀಲ!”

ಹಣೆ ಚಚ್ಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮನೆ ಓನರಮ್ಮ ಆಗಷ್ಟೇ ಮೂಗು ಮುಚ್ಚಿಕೊಂಡು ತಾರಸಿಯಿಂದ ಇಳಿದಿದ್ದರು. “ಇನ್ನೊಂದು ವಾರ ನೋಡ್ತೀನಮ್ಮ. ಆಮೇಲೂ ಹೀಗೇ ನಾರಿದ್ರೆ ಆ ಡ್ರಮ್ ನನ್ನ ತಾರಸಿ ಮೇಲಿರಲ್ಲ.”

ಅವಳು ಮೇಲೆ ಓಡಿ ಮುಚ್ಚಳ ತೆಗೆದಳು. ಒಳಗೆ ಗೊಬ್ಬರವಲ್ಲ, ಗಂಜಿ! ಒಣ ಎಲೆ ಹಾಕಿದ್ದಾಯ್ತು, ಕೋಲಲ್ಲಿ ಕೆದಕಿದ್ದಾಯ್ತು, ಈ ನೀರು ಎಲ್ಲಿಂದ ಬರುತ್ತಿದೆ?

ಉತ್ತರ ಅಡುಗೆಮನೆಯಲ್ಲಿತ್ತು. ಅತ್ತೆ ನಲ್ಲಿಯ ಕೆಳಗೆ ಸೌತೆಕಾಯಿ ಸಿಪ್ಪೆಯನ್ನು ಒಂದೊಂದಾಗಿ ಉಜ್ಜಿ ತೊಳೆಯುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವವರ ಮಾತು ಅವಳು ಕೇಳಿದ್ದಳು. ಕಸ ತೊಳೆಯುವವರನ್ನು ಕಂಡದ್ದು ಇದೇ ಮೊದಲು.

“ಅತ್ತೆ! ಸಿಪ್ಪೆ ಯಾಕೆ ತೊಳೀತೀರಾ?”

“ಮತ್ತೆ? ಕೊಳಕು ಸಿಪ್ಪೆ ಹಾಗೇ ಹಾಕಿದ್ರೆ ಗಿಡಕ್ಕೆ ಹೇಸಿಗೆ ಆಗಲ್ವೇನೆ? ನಾಳೆ ಅದರ ಕಾಯಿ ತಿನ್ನೋರು ನಾವೇ ತಾನೆ?”

“ಕೊಳೀಲಿ ಅಂತಾನೇ ಹಾಕೋದು ಅತ್ತೆ!”

“ಕೊಳೀಲಿ, ಯಾರು ಬೇಡ ಅಂದ್ರು? ಶುಭ್ರವಾಗಿ ಕೊಳೀಲಿ.”

ವಾದ ಮಾಡಿ ಪ್ರಯೋಜನವಿಲ್ಲವೆಂದು ಅವಳು ಅತ್ತೆಯ ಕೈಗೆ ಬೇರೆ ಕೆಲಸ ಕೊಟ್ಟಳು. ಅಂಗಡಿಯಲ್ಲಿ ಮೊಟ್ಟೆಯ ರಟ್ಟಿನ ಟ್ರೇಗಳು ರಾಶಿ ಬಿದ್ದಿದ್ದವು. “ಇವನ್ನ ಹರಿದು ಹರಿದು ಡ್ರಮ್ಮಿಗೆ ಹಾಕಿ. ನೀರೆಲ್ಲ ಹೀರ್ಕೊಳ್ಳುತ್ತೆ. ಸಿಪ್ಪೆ ನಾನು ನೋಡ್ಕೋತೀನಿ, ನೀವು ನಲ್ಲಿ ಹತ್ರಾನೂ ಹೋಗ್ಬೇಡಿ.”

ವಾರ ಕಳೆದು ಓನರಮ್ಮ ಬಂದರು. ಮುಚ್ಚಳ ಎತ್ತಿ, ಮೂಸಿ, ಇನ್ನೊಮ್ಮೆ ಮೂಸಿದರು.

“ಹೂಂ. ಮಣ್ಣಿನ ವಾಸನೆ. ಇರ್ಲಿ ಬಿಡು. ಗೊಬ್ಬರ ಆದ್ಮೇಲೆ ನನ್ನ ಕುಂಡಗಳನ್ನ ಮರೀಬೇಡ.”

ಬೇಕರಿಯವಳು ಮನಸ್ಸು ಹಗುರಾಗಿ ಕೆಳಗಿಳಿದಳು. ಗಂಡ ಬ್ರೆಡ್ಡನ್ನು ನೇರವಾಗಿ ಪ್ಲಾಸ್ಟಿಕ್ ಕವರಿಗೇ ತುಂಬುತ್ತಿದ್ದ.

“ಕಾಗದದ ಚೀಲ ಎಲ್ರೀ?”

“ಅಮ್ಮ ಕಟ್ಟುಗಟ್ಟಲೆ ಹೊತ್ಕೊಂಡು ಹೋದ್ರು ಕಣೇ. ಮೊಟ್ಟೆ ಟ್ರೇ ಮುಗಿದುಹೋಯ್ತಂತೆ. ನೀನೇ ಹೇಳಿದ್ದೆ ಅಂದ್ರು.”

ಅಷ್ಟರಲ್ಲಿ ತಾರಸಿಯಿಂದ ಅತ್ತೆಯ ಕೂಗು ಕೇಳಿಸಿತು: “ಏನೇ, ಆ ಚೀಲ ಇನ್ನೊಂದು ಕಟ್ಟು ತರಿಸು! ಹರಿಯೋಕೆ ಬಲು ಸಲೀಸು!”