ಸೂತಕದ ಗಾಡಿ

"ಇನ್ನೊಂದು ಹೆಜ್ಜೆ ಮುಂದಿಟ್ರೆ ಕಾಲು ಕಡೀತೀನಿ, ರೆಜಿನಾ. ಬಾಯಿ ಮಾತಿಗೆ ಹೇಳ್ತಿಲ್ಲ."

ನನ್ನ ಅತ್ತಿಗೆ ಸ್ಕೊಲಾ ಉದ್ದನೆಯ ಮಚ್ಚು ಹಿಡಿದು ನೀಲಿ ಪಿಕಪ್ಪಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಕಡಿ," ಎಂದೆ. "ಕುಂಟ್ಕೊಂಡಾದ್ರೂ ಬಂದು ಬೀಗದ ಕೈ ಕಿತ್ಕೊಂಡು ಹೋಗ್ತೀನಿ. ಇದು ನನ್ನಣ್ಣನ ಗಾಡಿ."

"ನಿನ್ನಣ್ಣ ಇನ್ನೂ ಅದರೊಳಗೇ ಕೂತಿದ್ದಾನೆ. ಬೇಕಾದ್ರೆ ಅವನ್ನೇ ಕೇಳು."

ಬೈಗುಳಕ್ಕೆ ನಾನು ಎಂದೂ ಹಿಂದೆ ಸರಿದವಳಲ್ಲ. ಆ ಮಾತಿಗೆ ಸರಿದೆ. ಗಾಡಿಯ ಗಾಜಿನ ಮೇಲೆ ಬಳ್ಳಿ ಹಬ್ಬಿತ್ತು. ಒಳಗೆ ಏನೂ ಕಾಣುತ್ತಿರಲಿಲ್ಲ. ನೋಡಲು ನನಗೂ ಮನಸ್ಸಿರಲಿಲ್ಲ.

ನಮ್ಮಲ್ಲಿ ಗಂಡಸು ಸತ್ತರೆ ಸೂತಕ ತೆಗೆಯುವ ಹಬ್ಬ ಆಗುವ ತನಕ ಅವನ ಹೆಸರು ಎತ್ತುವಂತಿಲ್ಲ, ಅವನ ಸಾಮಾನು ಮುಟ್ಟುವಂತಿಲ್ಲ. ಮುಟ್ಟಿದರೆ ಅವನು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುತ್ತಾನೆ. ಹೆಂಡತಿ ತಲೆಗೆ ನೀರು ಹಾಕದೆ, ಕೂದಲು ಕತ್ತರಿಸದೆ, ಊರ ದಾರಿ ತುಳಿಯದೆ ಕೂರಬೇಕು. ಅವಳ ಕೂದಲು ಕತ್ತರಿಸಿ ಬಿಡುಗಡೆ ಮಾಡಬೇಕಾದವಳು ಸತ್ತವನ ತಂಗಿ. ಅಂದರೆ ನಾನು. ಅಣ್ಣ ಸತ್ತು ಹದಿನಾಲ್ಕು ತಿಂಗಳಾಗಿತ್ತು. ನಾನು ಹಬ್ಬ ಮಾಡಿರಲಿಲ್ಲ. ಹಂದಿ ಇಲ್ಲ ಎಂದು ಊರಿಗೆ ಹೇಳುತ್ತಿದ್ದೆ. ಹಂದಿ ಇರಲಿಲ್ಲ ಎಂಬುದು ನಿಜ. ಇದ್ದಿದ್ದರೂ ಮಾಡುತ್ತಿರಲಿಲ್ಲ ಎಂಬುದೂ ನಿಜ. ಉಪ್ಪಿಲ್ಲದೆ ಗೆಣಸು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಇವಳು ಹೇಳಿದ್ದಕ್ಕೇ ಅಣ್ಣ ಸಮುದ್ರದ ನೀರು ತರಲು ಕರಾವಳಿಗೆ ಇಳಿದದ್ದು. ಸರ್ಕಾರದ ಹೆಲಿಕಾಪ್ಟರಿನಿಂದ ಗುಂಡು ಹಾರಿದ್ದು ಅಲ್ಲೇ.

ನಮ್ಮ ಬೂಗನ್‌ವಿಲ್‌ಗೆ ಹಡಗು ಬರುವುದು ನಿಂತು ಆಗ ಮೂರು ವರ್ಷ. ಗಣಿಯ ಜಗಳ ಯುದ್ಧವಾಗಿ, ಸರ್ಕಾರ ದ್ವೀಪದ ಸುತ್ತ ದಿಗ್ಬಂಧನ ಹಾಕಿತ್ತು. ಔಷಧಿ ಇಲ್ಲ, ಸಾಬೂನಿಲ್ಲ, ಡೀಸೆಲ್ ಇಲ್ಲ. ಇದ್ದದ್ದು ತೆಂಗು. ಕಾಯಿ ತುರಿದು, ಹಾಲು ಹಿಂಡಿ, ಹುಳಿಯಲು ಬಿಟ್ಟು, ಮೇಲೆ ಬಂದ ಕೆನೆಯನ್ನು ಕಾಯಿಸಿ ಎಣ್ಣೆ ತೆಗೆದು, ಬಟ್ಟೆಯಲ್ಲಿ ಮೂರು ಸಲ ಸೋಸಿ ಅದನ್ನೇ ಗಾಡಿಗೆ ಹಾಕುತ್ತಿದ್ದೆವು. ಗಾಡಿ ಓಡುತ್ತಿತ್ತು. ಹಿಂದೆ ಬಿಡುವ ಹೊಗೆ ಅಡುಗೆಮನೆಯ ವಾಸನೆ ಹೊಡೆಯುತ್ತಿತ್ತು.

ನನ್ನ ಮಗಳು ಜಾಸಿಂತಾ ಬಸುರಿ, ಎಂಟು ತಿಂಗಳು ತುಂಬಿತ್ತು. ಕಾಲು ಊದಿ ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ತಲೆನೋವು. ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಹೊರಗೆ ಕರೆದು, ಮಗು ಅಡ್ಡ ಮಲಗಿದೆ, ಇದು ತನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ, ಕೊಯ್ದು ತೆಗೆಯುವವರು ಬೇಕು ಎಂದಳು. ಕೊಯ್ಯಬಲ್ಲ ಡಾಕ್ಟರು ಇದ್ದದ್ದು ಒಬ್ಬರೇ, ಬೆಟ್ಟದ ಆಚೆ, ಪೂರ್ವ ಕರಾವಳಿಯ ಮಿಶನ್ನಿನಲ್ಲಿ. ನಡೆದರೆ ಎರಡು ದಿನ. ಅವಳು ಅಂಗಳ ದಾಟುವ ಸ್ಥಿತಿಯಲ್ಲೂ ಇರಲಿಲ್ಲ.

ಸುತ್ತಿನ ಊರುಗಳಲ್ಲಿ ಉಳಿದದ್ದು ಮೂರು ಗಾಡಿ. ಪಾದ್ರಿಯದು ಪೆಟ್ರೋಲಿನದು, ಅದು ತೆಂಗಿನೆಣ್ಣೆ ಕುಡಿಯುವುದಿಲ್ಲ. ಎರಡನೆಯದು ಗಣಿಯವರು ಬಿಟ್ಟು ಓಡಿದ ಬಿಳಿ ಡೀಸೆಲ್ ಪಿಕಪ್, ಹೊಸದು. ಮೂರನೆಯದು ಅಣ್ಣನ ನೀಲಿ ಪಿಕಪ್, ನನ್ನ ಮಗಳಿಗಿಂತ ಹಳೆಯದು.

ಗಣಿಯ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಮೆಕ್ಯಾನಿಕ್ ಆಗಿದ್ದ ಲೀನಸ್‌ನನ್ನು ಕೇಳಿದೆ, ಯಾವುದು ಎಂದು. ಅವನು ಎರಡೂ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡ. ಯಾಕೆ ಎಂದು ನನಗೆ ಗೊತ್ತಿತ್ತು. ಹಿಂದಿನ ತಿಂಗಳು ಪಕ್ಕದೂರಿನ ವೆರೋನಿಕಾಳನ್ನು ಇದೇ ರೀತಿ ಬೆಟ್ಟ ದಾಟಿಸಲು ಹೊರಟಾಗ ಬಿಳಿ ಗಾಡಿಯನ್ನು ಆರಿಸಿದವನು ಅವನೇ. ಹೋಗಬೇಕಾದದ್ದು ಬೆಳಗಿನ ಮಂಜಿನಲ್ಲಿ; ಬಿಸಿಲು ಬಿದ್ದರೆ ಹೆಲಿಕಾಪ್ಟರಿಗೆ ಕಾಣುತ್ತೇವೆ. ಮಂಜೆಂದರೆ ಚಳಿ. ಚಳಿಗೆ ತೆಂಗಿನೆಣ್ಣೆ ಏನಾಗುತ್ತದೆಂದು ತಲೆಗೆ ಎಣ್ಣೆ ಹಚ್ಚುವ ಯಾರಿಗೂ ಹೇಳಬೇಕಿಲ್ಲ. ಬೆಟ್ಟದ ನೆತ್ತಿಯಲ್ಲಿ ಬಿಳಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಹಂದಿಕೊಬ್ಬಿನ ಹಾಗೆ ಬೆಳ್ಳಗೆ ಗಟ್ಟಿ. ಬೆಂಕಿ ಹಾಕಿದರೆ ಹೊಗೆ ಏಳುತ್ತದೆ ಎಂಬ ಹೆದರಿಕೆಗೆ ಲೀನಸ್ ಅದನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಕರಗಿಸಲು ನೋಡಿದ. ವೆರೋನಿಕಾಳ ತಲೆ ನನ್ನ ತೊಡೆಯ ಮೇಲಿತ್ತು. ಬಿಸಿಲೇರಿ ಎಣ್ಣೆ ಕರಗಿ ಗಾಡಿ ಹೊರಟಾಗ ನಾವು ಮುಂದಕ್ಕೆ ಹೋಗುವ ಕೆಲಸ ಉಳಿದಿರಲಿಲ್ಲ. ತಿರುಗಿಸಿಕೊಂಡು ಬಂದೆವು.

"ಹೊಸದು ಅಂತ ಆರಿಸ್ದೆ ಅಕ್ಕ," ಎಂದ ಲೀನಸ್. "ಹೊಸ ಗಾಡೀದು ಎಲ್ಲ ಸಣ್ಣ ಸಣ್ಣ ತೂತು. ನಿನ್ನಣ್ಣನ ಗಾಡಿ ದಪ್ಪ ಕರುಳಿಂದು, ಕೊಟ್ಟಿದ್ದು ತಿನ್ನತ್ತೆ. ಗೊತ್ತಿರೋದು ಹೇಳಿದೀನಿ. ಆರಿಸು ಅಂತ ಮಾತ್ರ ಇನ್ನೊಂದ್ಸಲ ನನಗೆ ಹೇಳ್ಬೇಡ."

ಜಾಸಿಂತಾಳ ಗಂಡ ಇಗ್ನಾಸ್ ನೀಲಿ ಗಾಡಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಸೂತಕ ಕಳೆಯದ ಗಾಡಿಯಲ್ಲಿ ಬಸುರಿಯನ್ನು ಕೂರಿಸುವ ಅತ್ತೆಯನ್ನು ಲೋಕದಲ್ಲಿ ಕಂಡಿಲ್ಲ ಎಂದ. ಬಿಳಿ ಗಾಡಿ ನಿಂತರೂ ನಿಂತೀತು, ಅದು ಜೀವ ಕೇಳುವುದಿಲ್ಲ ಎಂದ. ವೆರೋನಿಕಾಳ ಜೀವ ಕೇಳಿದ್ದು ಯಾವ ಗಾಡಿಯೋ ಎಂದೆ.

ಅವನ ಬಾಯಿ ಮುಚ್ಚಿಸಿದೆ, ನನ್ನ ಹೆದರಿಕೆಯ ಬಾಯಿ ಮುಚ್ಚಿಸಲು ಆಗಲಿಲ್ಲ. ಬಿಳಿ ಗಾಡಿ ಎಂದುಕೊಂಡರೆ ತೊಡೆಯ ಮೇಲೆ ಆ ತಲೆಯ ಭಾರ. ನೀಲಿ ಗಾಡಿ ಎಂದುಕೊಂಡರೆ ಅಣ್ಣ. ಬದುಕಿದ್ದಾಗ ಜಾಸಿಂತಾಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ಸತ್ತ ಮೇಲೂ ಅವಳನ್ನೇ ಕರೆದರೆ? ಇಷ್ಟವಾದವರನ್ನೇ ಅಲ್ಲವೇ ಅವರು ಕರೆಯುವುದು? ಎರಡು ದಿನ ಹೀಗೇ ಕಳೆದೆ. ಮೂರನೆಯ ದಿನ ಬೀಗದ ಕೈ ಕಿತ್ತುಕೊಳ್ಳಲು ಹೋಗಿ ಮಚ್ಚಿನ ಮುಂದೆ ನಿಂತೆ. ವಾಪಸು ಬಂದಾಗ ಜಾಸಿಂತಾ ಗೋಡೆಗೆ ಒರಗಿ ಕೂತಿದ್ದಳು. ಅಮ್ಮಾ, ನೀನು ಎರಡೆರಡು ಕಾಣ್ತೀಯ ಎಂದಳು.

ಕತ್ತರಿ ತೆಗೆದುಕೊಂಡು ಮತ್ತೆ ಹೋದೆ.

ಅತ್ತಿಗೆ ಕತ್ತರಿ ನೋಡಿದಳು. "ಹಂದಿ?"

"ಇಲ್ಲ. ಒಂದು ಕೋಳಿ ಇದೆ."

ಅವಳು ನಕ್ಕಳು. ಅಷ್ಟು ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದು ನೋಡುವಂಥ ನಗುವಲ್ಲ. "ಆರಡಿ ಗಂಡಸಿಗೆ ಒಂದು ಕೋಳಿ," ಎಂದಳು. ಮಚ್ಚು ಕೆಳಗಿಟ್ಟು ಹಳ್ಳದ ಕಡೆ ನಡೆದಳು.

ನೀರಿನಲ್ಲಿ ಕೂರಿಸಿ ತಲೆ ತೊಳೆದೆ. ಕೂದಲು ಹಗ್ಗದ ಹಾಗೆ ಗಂಟು ಕಟ್ಟಿತ್ತು, ಹೇನು ತುಂಬಿ ನೆತ್ತಿ ಹುಣ್ಣಾಗಿತ್ತು. ಇಷ್ಟೊಂದು ಆಗಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ. ಕತ್ತರಿಸುತ್ತ ಹೋದಂತೆ ತಲೆ ಚಿಕ್ಕ ಹುಡುಗಿಯ ತಲೆಯಷ್ಟೇ ಆಗಿ ಕಂಡಿತು. ಕಟ್ಟಳೆಯ ಪ್ರಕಾರ ಅಣ್ಣನ ಹೆಸರನ್ನು ಗಟ್ಟಿಯಾಗಿ ಮೂರು ಸಲ ಹೇಳಿದೆ: ಬ್ಲೇಸ್, ಬ್ಲೇಸ್, ಬ್ಲೇಸ್. ಮರದಲ್ಲಿ ಹಕ್ಕಿಗಳು ಸುಮ್ಮನಾದವು.

"ಹದಿನಾಲ್ಕು ತಿಂಗಳು," ಎಂದಳು ಅತ್ತಿಗೆ, ಹಿಂದೆ ತಿರುಗದೆ. "ಗಾಡಿ ಬೇಕಾದ ದಿನ ನಿನಗೆ ನನ್ನ ತಲೆ ನೆನಪಾಯ್ತು."

ಬೀಗದ ಕೈ ಅವಳ ಸೊಂಟದ ದಾರದಲ್ಲೇ ಇತ್ತು. ಬಿಚ್ಚಿ ಕೊಟ್ಟಳು. ಕೋಳಿಗೆ ಅವನು ಒಪ್ಪುತ್ತಾನೋ ಇಲ್ಲವೋ, ಯಾರೂ ಹೇಳಲಾರರು, ಅದಕ್ಕೇ ತಾನೂ ಬರುತ್ತೇನೆ, ಮುಂದಿನ ಸೀಟಿನಲ್ಲಿ ಕೂರುತ್ತೇನೆ ಎಂದಳು.

ಲೀನಸ್ ಒಂದೂವರೆ ದಿನ ದುಡಿದ. ಬಳ್ಳಿ ಕಡಿದು, ಗಟ್ಟಿಯಾದ ರಬ್ಬರ್ ಕೊಳವೆಗಳನ್ನೆಲ್ಲ ಕಿತ್ತು, ಬಿಳಿ ಗಾಡಿಯಿಂದ ಬಿಚ್ಚಿದ ತಾಮ್ರದ ಕೊಳವೆಯನ್ನು ಹೊಗೆ ಕೊಳವೆಗೆ ಸುತ್ತಿದ. ಎಂಜಿನ್ ಬಿಸಿಯಾದರೆ ಎಣ್ಣೆಯೂ ಬಿಸಿಯಾಗುತ್ತದೆ, ಗಟ್ಟಿಯಾಗುವುದಿಲ್ಲ ಎಂದ. ನಿಂತರೆ ಮಾತ್ರ ಕೆಟ್ಟೆವು, ನಿಲ್ಲಿಸಬಾರದು ಎಂದ. ಮೊದಲು ಎಬ್ಬಿಸಲು ಯಾರೋ ಮುಚ್ಚಿಟ್ಟಿದ್ದ ಎರಡು ಬಾಟಲಿ ನಿಜವಾದ ಡೀಸೆಲ್ ತಂದ. ಏಳನೆಯ ಸಲಕ್ಕೆ ಎಂಜಿನ್ ಎದ್ದಿತು. ಊರಿನ ಅರ್ಧ ಜನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಗ್ನಾಸ್ ಗಾಡಿ ಹತ್ತಲಿಲ್ಲ. ದಾರಿಗೆ ಬಿದ್ದ ಮರ ಕಡಿಯುತ್ತೇನೆಂದು ಎರಡು ದಿನ ಮೊದಲೇ ನಡೆದು ಹೋಗಿದ್ದ. ಬೆಳಗಾಗುವಾಗ ಹೊರಟೆವು. ಹಿಂದೆ ಹುಲ್ಲಿನ ಮೇಲೆ ಜಾಸಿಂತಾ, ಪಕ್ಕದಲ್ಲಿ ನಾನು, ನಮ್ಮಿಬ್ಬರ ನಡುವೆ ಕಾಯಿಸಿ ತುಂಬಿದ ಎಣ್ಣೆಯ ಡ್ರಮ್, ಬಾಳೆ ಎಲೆ ಮತ್ತು ಕಂಬಳಿ ಸುತ್ತಿದ್ದು. ಒಂದು ಕೈ ಮಗಳ ಹಣೆಯ ಮೇಲೆ, ಒಂದು ಕೈ ಡ್ರಮ್ಮಿನ ಮೇಲೆ ಇಟ್ಟುಕೊಂಡಿದ್ದೆ. ಎರಡರ ಬಿಸಿಯನ್ನೂ ನೋಡುತ್ತ ಹೋದೆ. ಮಗಳದು ಏರುತ್ತಿತ್ತು, ಡ್ರಮ್ಮಿನದು ಇಳಿಯುತ್ತಿತ್ತು.

ನೆತ್ತಿಗೆ ಬರುವಷ್ಟರಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಸೀಟಿನಲ್ಲಿ ಅತ್ತಿಗೆಯ ತಲೆ ಕಾಣುತ್ತಿರಲಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದು ಬೆರಳಿಟ್ಟೆ. ಅಂಚಿನಲ್ಲಿ ಬಿಳಿ ಉಂಗುರ ಕಟ್ಟಿತ್ತು. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಅದೇ ಜಾಗ, ಅದೇ ತಿರುವು. ನಾನು ಕಣ್ಣು ಮುಚ್ಚಿಕೊಂಡೆ.

ಲೀನಸ್ ಉಳಿದಿದ್ದ ಡೀಸೆಲ್ಲಿಗೆ ಬದಲಿಸಿದ. ಅರ್ಧ ಬಾಟಲಿ ಇತ್ತು. ಗಾಡಿ ನಿಂತಿತು, ಎಂಜಿನ್ ಮಾತ್ರ ಸಾಯದೆ ನರಳುತ್ತಲೇ ಇತ್ತು. ಅತ್ತಿಗೆ ಕೆಳಗಿಳಿದಳು. ಮೇಲಿನ ಬಟ್ಟೆ ಬಿಚ್ಚಿ ಫಿಲ್ಟರಿಗೆ ಸುತ್ತಿ, ಎಂಜಿನ್ ಮೇಲೆ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಬಿಸಿ ಕಬ್ಬಿಣ ತೋಳಿಗೆ ತಾಗಿ ಚರ್ಮ ಸುಟ್ಟ ವಾಸನೆ ಬಂತು. ಅವಳು ಕದಲಲಿಲ್ಲ.

ಆಗ ಹೆಲಿಕಾಪ್ಟರಿನ ಸದ್ದು ಕೇಳಿತು. ಮಂಜಿನ ಮೇಲೆ ಎಲ್ಲೋ, ಹೋಗಿ ಮತ್ತೆ ತಿರುಗಿ ಬರುತ್ತಿತ್ತು. ಎಂಜಿನ್ ಆರಿಸು ಎಂದು ಲೀನಸ್‌ಗೆ ಕೈ ಮಾಡಿದೆ. ಅವನು ತಲೆ ಅಲ್ಲಾಡಿಸಿದ. ಆರಿಸಿದರೆ ಎಣ್ಣೆ ಗಟ್ಟಿ. ಹಾಗೇ ಬಿಟ್ಟರೆ ನಮ್ಮ ಸದ್ದು ಮೇಲಿನವರಿಗೆ. ಅವರ ಸದ್ದಿನಲ್ಲಿ ನಮ್ಮದು ಕೇಳಿಸುವುದಿಲ್ಲ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆಗ ನನ್ನ ಹಲ್ಲು ಕಡಿಯುವ ಸದ್ದೂ ಅವರಿಗೆ ಕೇಳಿಸುತ್ತದೆ ಅನ್ನಿಸಿತು. ಮಗಳ ಮೇಲೆ ಕವುಚಿ ಮಲಗಿದೆ. ಅವಳ ಹೊಟ್ಟೆ ಒಳಗಿಂದ ಒದೆಯುತ್ತಿತ್ತು.

ಸದ್ದು ದಕ್ಷಿಣಕ್ಕೆ ಹೋಯಿತು. ಡೀಸೆಲ್ ಮುಗಿಯಿತು. ಲೀನಸ್ ಎಣ್ಣೆಗೆ ಬದಲಿಸಿದ. ಎಂಜಿನ್ ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಎಳೆಯಿತು.

ಮಿಶನ್ ತಲುಪಿದಾಗ ಬಿಸಿಲು. ಇಗ್ನಾಸ್ ಗೇಟಿನ ಬಳಿ ನಿಂತಿದ್ದ. ಜಾಸಿಂತಾ ಅವನನ್ನು ಗುರುತಿಸಲಿಲ್ಲ. ಕಣ್ಣು ಮೇಲೆ ಸಿಕ್ಕಿ ಕೈಕಾಲು ಸೆಟೆದುಕೊಂಡಿದ್ದವು. ಡಾಕ್ಟರು ಒಂದೂ ಪ್ರಶ್ನೆ ಕೇಳದೆ ಅವಳನ್ನು ಒಳಗೆ ಎತ್ತಿಸಿದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ನಾನು, ಅತ್ತಿಗೆ. ಅವಳ ತೋಳಿನ ಮೇಲೆ ಗುಳ್ಳೆ ಎದ್ದಿತ್ತು. ಯಾರೋ ತಂದಿಟ್ಟ ಬೇಯಿಸಿದ ಗೆಣಸು ತಣ್ಣಗಾಯಿತು. ಒಳಗಿಂದ ಪಾತ್ರೆಯ ಸದ್ದು, ಆಮೇಲೆ ಅದೂ ಇಲ್ಲ. ಮಗುವಿನ ಅಳು ಈಗ ಬಂದೀತು, ಈಗ ಬಂದೀತು ಎಂದು ಕಾದೆ. ಬರಲಿಲ್ಲ. ನೆರಳು ಬೆಂಚಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಯಿತು. ಹೆದರಿಕೆ ನನಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ನಾಲಿಗೆಗೆ ಬರುತ್ತದೆ. ಹುಟ್ಟು ಗುಣ.

"ನಿನ್ನನ್ನ ಮುಂದಿನ ಸೀಟಲ್ಲಿ ಕೂರಿಸಿದ್ದೇ ತಪ್ಪು," ಎಂದೆ. "ಹೆಂಡತಿ ಎಲ್ಲಿರ್ತಾಳೋ ಅಲ್ಲಿಗೆ ಅವನೂ ಬರ್ತಾನೆ. ಅಣ್ಣನ್ನ ತಿಂದೆ. ಈಗ ನನ್ನ ಮಗಳನ್ನೂ ತಿನ್ನೋಕೆ ಬಂದೆ."

ಅತ್ತಿಗೆ ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ನಾನೂ ಬಯ್ದು ಹಗುರಾಗುತ್ತಿದ್ದೆ. ಅವಳು ಸುಟ್ಟ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದಳು. "ಸೂತಕ ತೆಗೆದಿದ್ದೀಯ ಅಲ್ವಾ ರೆಜಿನಾ," ಎಂದಳು, ತುಂಬಾ ಮೆಲ್ಲಗೆ. "ಇನ್ನು ನೀನು ಹೇಳಿದ್ದೆಲ್ಲ ನಾನು ಕೇಳ್ಕೊಂಡು ಕೂರ್ಬೇಕಾಗಿಲ್ಲ."

ಮೆಟ್ಟಿಲಿಳಿದು ಹೊರಟಳು. ನಾನು ಬಾಗಿಲು ನೋಡುತ್ತಿದ್ದೆ. ಅವಳು ಯಾವ ಕಡೆ ತಿರುಗಿದಳೆಂದು ನೋಡಲಿಲ್ಲ.

ಅವಳು ಹೋಗಿ ಒಂದು ಗೆಣಸು ಸುಲಿಯುವಷ್ಟು ಹೊತ್ತೂ ಆಗಿರಲಿಲ್ಲ, ಒಳಗೆ ಮಗು ಅತ್ತಿತು. ಡಾಕ್ಟರು ಹೊರಗೆ ಬಂದು ಇಗ್ನಾಸ್‌ಗೆ, ಹೆಣ್ಣು, ತಾಯಿ ಉಸಿರಾಡುತ್ತಿದ್ದಾಳೆ, ಇವತ್ತು ದಾಟಿದರೆ ಬದುಕುತ್ತಾಳೆ ಎಂದರು. ಜಾಸಿಂತಾ ದಾಟಿದಳು. ಮಾರನೆಯ ದಿನ ನೀರು ಕೇಳಿದಳು.

ಅಳು ಕೇಳಿದ ಕೂಡಲೇ ನಾನು ಮೆಟ್ಟಿಲಿಳಿದು ಓಡಿದ್ದೆ. ಅತ್ತಿಗೆ ಎಂದು ಕೂಗಿದೆ. ಸ್ಕೊಲಾ ಎಂದು ಕೂಗಿದೆ. ಗೇಟಿನಾಚೆ ದಾರಿ ಎರಡಾಗುತ್ತದೆ, ಒಂದು ಬೆಟ್ಟಕ್ಕೆ, ಒಂದು ಕಡಲಿಗೆ. ಕಡಲ ಕಡೆ ಹೋದೆ. ತೀರದಲ್ಲಿ ಬಲೆ ಬಿಚ್ಚುತ್ತಿದ್ದವರು ಕೂದಲು ಕತ್ತರಿಸಿದ ಹೆಂಗಸನ್ನು ಕಂಡಿಲ್ಲ ಎಂದರು. ಬೆಟ್ಟದ ದಾರಿಯಲ್ಲಿ ಇಗ್ನಾಸ್ ಹೋಗಿ ಕತ್ತಲಾಗುವ ತನಕ ಹುಡುಕಿ ಬಂದ.

ಗಾಡಿಯಲ್ಲಿ ವಾಪಸು ಹೋಗಲು ಎಣ್ಣೆ ಕಾಯಿಸಿಟ್ಟು ಹನ್ನೊಂದು ದಿನ ಕಾದೆವು. ಅವಳು ಬರಲಿಲ್ಲ.